ಪ್ರೀಮಿಯಂ ಲೆಕ್ಕವೂ ಬ್ರೇಕಿನ ಮೇಲಿನ ಕಾಲೂ

ಕಾರನ್ನು ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿ ಬಂಪರ್ ಒಡೆದುಕೊಂಡವರು ಗ್ಯಾರೇಜಿಗೆ ಹೋದರೆ, ಅಲ್ಲಿ ಎದುರಾಗುವ ಮೊದಲ ಪ್ರಶ್ನೆ ಪೆಟ್ಟು ಹೇಗೆ ಬಿತ್ತು ಎಂಬುದಲ್ಲ, ‘ಕ್ಲೇಮ್ ಮಾಡ್ತೀರಾ, ಕೈಯಿಂದ ಕೊಡ್ತೀರಾ?’ ಎಂಬುದು. ಮಾಲೀಕರು ಫೋನಿನ ಕ್ಯಾಲ್ಕುಲೇಟರ್ ತೆಗೆಯುತ್ತಾರೆ. ರಿಪೇರಿಯ ಖರ್ಚು ಒಂದು ಕಡೆ. ಕ್ಲೇಮ್ ಮಾಡಿದರೂ ತಾವೇ ಭರಿಸಬೇಕಾದ ಮೊದಲ ಪಾಲು ಮತ್ತು ಮುಂದಿನ ವರ್ಷ ಕೈತಪ್ಪುವ ನೋ ಕ್ಲೇಮ್ ಬೋನಸ್ ಎಂಬ ಪ್ರೀಮಿಯಂ ರಿಯಾಯಿತಿ ಇನ್ನೊಂದು ಕಡೆ. ಕೂಡಿ ಕಳೆದು ನೋಡಿದ ಮೇಲೆ ಬಹಳಷ್ಟು ಮಂದಿ ಕೈಯಿಂದಲೇ ಕೊಟ್ಟು ಬರುತ್ತಾರೆ. ಬಂಪರ್ ಒಡೆದದ್ದು ನಿಜ, ಆದರೆ ವಿಮಾ ಕಂಪನಿಯ ಕಡತದಲ್ಲಿ ಆ ವರ್ಷ ಆ ಚಾಲಕರು ಒಂದು ಗೀರನ್ನೂ ಮಾಡಿದವರಲ್ಲ.

ಕಾರು ವಿಮೆ ಚಾಲಕರ ನಡವಳಿಕೆಯನ್ನು ತಿದ್ದುತ್ತದೆಯೇ, ಅಪಘಾತಗಳನ್ನು ಕಡಿಮೆ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಸಣ್ಣ ಲೆಕ್ಕಾಚಾರವನ್ನು ಮರೆಯುವಂತಿಲ್ಲ. ವಿಮೆಯ ದರಪಟ್ಟಿಯು ಬ್ರೇಕಿನ ಮೇಲಿರುವ ಕಾಲನ್ನು ಬದಲಿಸುವುದು ಬೇರೆ, ಕ್ಲೇಮ್ ಫಾರ್ಮಿನ ಮೇಲಿರುವ ಪೆನ್ನನ್ನು ಬದಲಿಸುವುದು ಬೇರೆ. ಕಂಪನಿಗೆ ಕಾಣುವುದು ಎರಡನೆಯದು ಮಾತ್ರ. ಈ ವಿಷಯದಲ್ಲಿ ಹುಟ್ಟಿರುವ ಬಹುಪಾಲು ಗೊಂದಲಕ್ಕೆ, ನನ್ನ ದೃಷ್ಟಿಯಲ್ಲಿ, ಕ್ಲೇಮನ್ನೇ ಅಪಘಾತವೆಂದು ಎಣಿಸುವ ಅಭ್ಯಾಸ ಕಾರಣ.

ಮೊದಲಿಗೆ, ವಾಹನ ವಿಮೆಯನ್ನು ಕಾನೂನು ಕಡ್ಡಾಯ ಮಾಡಿದ್ದು ಚಾಲಕರನ್ನು ಜಾಗರೂಕರನ್ನಾಗಿಸಲು ಅಲ್ಲವೇ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1927ರಲ್ಲಿ ಜಾರಿಗೆ ಬಂದ ಕಾಯ್ದೆಯ ಉದ್ದೇಶವಾಗಲಿ, ಬ್ರಿಟನ್ನಿನ 1930ರ ರಸ್ತೆ ಸಂಚಾರ ಕಾಯ್ದೆಯ ಉದ್ದೇಶವಾಗಲಿ ಒಂದೇ: ಡಿಕ್ಕಿ ಹೊಡೆದವನ ಜೇಬು ಬರಿದಾಗಿದ್ದರೂ ಪೆಟ್ಟು ತಿಂದವರಿಗೆ ಪರಿಹಾರ ಸಿಗಬೇಕು ಎನ್ನುವುದು. ಬ್ರಿಟನ್ನಿನ ಕಾಯ್ದೆಯಲ್ಲಿ ಒಂದು ವಿಚಿತ್ರವಿದೆ. ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯಗೊಳಿಸಿದ ಅದೇ ಕಾಯ್ದೆ, ಅಲ್ಲಿಯವರೆಗೆ ಕಾರುಗಳಿಗಿದ್ದ ಗಂಟೆಗೆ 20 ಮೈಲಿಯ ವೇಗಮಿತಿಯನ್ನು ಪೂರ್ತಿ ತೆಗೆದುಹಾಕಿತು. ಊರೊಳಗಿನ ರಸ್ತೆಗಳಿಗೆ 30 ಮೈಲಿಯ ಮಿತಿಯನ್ನು ಮತ್ತೆ ತರಲು 1934ರ ಇನ್ನೊಂದು ಕಾಯ್ದೆ ಬೇಕಾಯಿತು. ಪರಿಹಾರದ ಏರ್ಪಾಡು ಮತ್ತು ಸುರಕ್ಷತೆಯ ಏರ್ಪಾಡು ಒಂದೇ ದಿಕ್ಕಿನಲ್ಲಿ ನಡೆಯಲೇಬೇಕೆಂದಿಲ್ಲ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗಲಾರದು.

ಪರಿಹಾರದ ಹೊರೆಯನ್ನು ಚಾಲಕರ ಹೆಗಲಿನಿಂದ ಇಳಿಸಿದ ಕೂಡಲೇ ಎಚ್ಚರವೂ ಸ್ವಲ್ಪ ಇಳಿಯಬಹುದು ಎಂಬ ಸಂದೇಹ ವಿಮೆಯಷ್ಟೇ ಹಳೆಯದು. ಅರ್ಥಶಾಸ್ತ್ರಜ್ಞರು ಇದನ್ನು ನೈತಿಕ ಅಪಾಯ ಎಂದು ಕರೆಯುತ್ತಾರೆ. ಹೆಸರು ಕೇಳಿದರೆ ಚಾಲಕರ ಗುಣಶೀಲದ ಮೇಲೆ ಆರೋಪ ಹೊರಿಸಿದಂತೆ ಅನ್ನಿಸುತ್ತದೆ, ಆದರೆ ಹೇಳಲು ಹೊರಟಿರುವುದು ಅಷ್ಟು ಘೋರವಾದದ್ದೇನಲ್ಲ. ವಿಮೆ ಇದೆಯೆಂದು ಯಾರೂ ಬೇಕೆಂದೇ ಮರಕ್ಕೆ ಗುದ್ದುವುದಿಲ್ಲ. ಮಳೆ ಸುರಿಯುವ ರಾತ್ರಿಯಲ್ಲಿ ಹೊರಡುವುದೋ ಬೇಡವೋ, ಇಕ್ಕಟ್ಟಾದ ಜಾಗದಲ್ಲಿ ಕಾರು ನಿಲ್ಲಿಸುವುದೋ ಇನ್ನೂ ನೂರು ಮೀಟರ್ ಮುಂದೆ ಹೋಗುವುದೋ, ಮುಂದಿನ ಲಾರಿಯನ್ನು ಈಗಲೇ ಹಿಂದಿಕ್ಕುವುದೋ ತಿರುವು ಕಳೆಯಲಿ ಎಂದು ಕಾಯುವುದೋ ಎಂಬಂತಹ ತೂಗುಯ್ಯಾಲೆಯ ಕ್ಷಣಗಳಲ್ಲಿ, ನಷ್ಟ ಪೂರ್ತಿಯಾಗಿ ತನ್ನದಲ್ಲ ಎಂಬ ಅರಿವು ತಕ್ಕಡಿಯನ್ನು ಕೂದಲೆಳೆಯಷ್ಟು ವಾಲಿಸುತ್ತದೆ. ಒಬ್ಬ ಚಾಲಕನಲ್ಲಿ ಅದು ಕಣ್ಣಿಗೆ ಕಾಣುವಂಥದ್ದಲ್ಲ. ಕೋಟಿಗಟ್ಟಲೆ ಚಾಲಕರು ಕೋಟಿಗಟ್ಟಲೆ ಸಲ ಇಂತಹ ಕ್ಷಣಗಳನ್ನು ದಾಟುವಾಗ ಅಂಕಿಅಂಶಗಳಲ್ಲಿ ಮೂಡಬಹುದು.

ಮೂಡುತ್ತದೆಯೇ? ಆಲ್ಮಾ ಕೋಹೆನ್ ಮತ್ತು ರಾಜೀವ್ ದೇಹೇಜಿಯಾ 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿತು. ಅಮೆರಿಕದ ರಾಜ್ಯಗಳು 1970ರಿಂದ 1998ರವರೆಗೆ ಬೇರೆ ಬೇರೆ ವರ್ಷಗಳಲ್ಲಿ ವಿಮೆಯನ್ನು ಕಡ್ಡಾಯಗೊಳಿಸಿದ್ದನ್ನೇ ಅವರು ಒಂದು ಸಹಜ ಪ್ರಯೋಗದಂತೆ ಬಳಸಿಕೊಂಡು, ವಿಮೆಯಿಲ್ಲದೆ ಓಡಾಡುವವರ ಪ್ರಮಾಣ ಇಳಿದಾಗ ರಸ್ತೆ ಸಾವುಗಳಿಗೆ ಏನಾಗುತ್ತದೆ ಎಂದು ನೋಡಿದರು. ಕಡ್ಡಾಯ ಕಾಯ್ದೆಗಳು ವಿಮೆಯಿಲ್ಲದವರ ಸಂಖ್ಯೆಯನ್ನು ತಗ್ಗಿಸಿದವು, ಜೊತೆಗೆ ಸಾವುಗಳು ಹೆಚ್ಚಿದವು ಎಂಬುದು ಅವರ ತೀರ್ಮಾನ. ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ‘ನೋ ಫಾಲ್ಟ್’ ಪದ್ಧತಿ ಚಾಲಕರ ಹೊಣೆಯನ್ನು ತಗ್ಗಿಸಿದ ರಾಜ್ಯಗಳಲ್ಲೂ ಸಾವುಗಳು ಏರಿದ್ದನ್ನು ಅವರು ಕಂಡರು.

ಇದನ್ನು ಓದಿ ವಿಮೆಯೇ ಕೆಟ್ಟದ್ದು ಎಂಬ ನಿರ್ಣಯಕ್ಕೆ ಬರುವುದು ಅವಸರವಾದೀತು. ವಿಮೆಯೇ ಇಲ್ಲದ ರಸ್ತೆಯಲ್ಲಿ ಎಲ್ಲರೂ ಎಚ್ಚರದಿಂದ ಓಡಿಸುತ್ತಾರೆ ಎಂಬ ಊಹೆಯೂ ಅರ್ಧ ಸತ್ಯವೇ. ನ್ಯಾಯಾಲಯ ಹೇಳಿದ ಪರಿಹಾರವನ್ನು ಕೊಡಲು ಆಸ್ತಿಯೇ ಇಲ್ಲದವನಿಗೆ ಆ ಪರಿಹಾರದ ಭಯವೂ ಇರುವುದಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದವನ ಮೇಲೆ ಹೊಣೆಗಾರಿಕೆಯ ಕಾನೂನು ಹಲ್ಲಿಲ್ಲದ ಹಾವು. ಅಂಥವನು ಪ್ರೀಮಿಯಂ ಕಟ್ಟಲೇಬೇಕಾಗಿ ಬಂದು, ಆ ಪ್ರೀಮಿಯಂ ಅವನ ಚಾಲನೆಯ ದಾಖಲೆಗೆ ತಕ್ಕಂತೆ ಏರಿಳಿಯುವುದಾದರೆ, ಮೊದಲ ಬಾರಿಗೆ ಅಜಾಗರೂಕತೆಗೆ ಒಂದು ಬೆಲೆ ಹುಟ್ಟುತ್ತದೆ. ಪ್ರೀಮಿಯಂ ಎಲ್ಲರಿಗೂ ಒಂದೇ ಆಗಿದ್ದರೆ ಮಾತ್ರ ಆ ಬೆಲೆ ಹುಟ್ಟುವುದೇ ಇಲ್ಲ. ಆದ್ದರಿಂದ ವಿಮೆ ಇದೆಯೋ ಇಲ್ಲವೋ ಎಂಬುದಕ್ಕಿಂತ ಅದರ ದರ ಯಾವುದಕ್ಕೆ ಗಂಟುಹಾಕಿಕೊಂಡಿದೆ ಎಂಬುದೇ ಮುಖ್ಯವಾಗುತ್ತದೆ.

ಈ ಗಂಟು ಬಿಚ್ಚಿದಾಗ ಮತ್ತು ಬಿಗಿದಾಗ ಏನಾಗುತ್ತದೆ ಎಂಬುದನ್ನು ಕೆನಡಾದ ಕ್ವಿಬೆಕ್ ಪ್ರಾಂತ್ಯ ಎರಡೂ ಬಗೆಯಲ್ಲಿ ಮಾಡಿ ತೋರಿಸಿದೆ. 1978ರಲ್ಲಿ ಅಲ್ಲಿನ ಸರ್ಕಾರ ದೇಹಕ್ಕಾಗುವ ಗಾಯಗಳ ವಿಮೆಯನ್ನು ಖಾಸಗಿ ಕಂಪನಿಗಳಿಂದ ತೆಗೆದು ಸಾರ್ವಜನಿಕ ಸಂಸ್ಥೆಯೊಂದಕ್ಕೆ ಒಪ್ಪಿಸಿ, ತಪ್ಪು ಯಾರದೇ ಇರಲಿ ಎಲ್ಲ ಗಾಯಾಳುಗಳಿಗೂ ಪರಿಹಾರ ಎಂದಿತು. ಒಬ್ಬರ ಮೇಲೊಬ್ಬರು ದಾವೆ ಹೂಡುವ ಹಕ್ಕು ಹೋಯಿತು, ಪ್ರೀಮಿಯಂ ಚಾಲಕರ ದಾಖಲೆಯನ್ನು ನೋಡದ ಸಮಾನ ಮೊತ್ತವಾಯಿತು. ಗಾಯಾಳುಗಳ ಪಾಲಿಗೆ ಇದು ಬಹಳ ಮಾನವೀಯವಾದ ಏರ್ಪಾಡು. ವರ್ಷಗಟ್ಟಲೆ ಕೋರ್ಟು ಅಲೆಯುವ ಸಂಕಟವಿಲ್ಲ. ಆದರೆ ಎಚ್ಚರದಿಂದ ಓಡಿಸುವವರಿಗೂ ಗಾಳಿಯ ಜೊತೆ ಪಂದ್ಯ ಕಟ್ಟುವವರಿಗೂ ಒಂದೇ ದರ. 1992ರಲ್ಲಿ ಆ ಸಂಸ್ಥೆ ಹೊಸ ನಿಯಮ ತಂದಿತು: ಸಂಚಾರ ನಿಯಮ ಮುರಿದಾಗ ಲೈಸೆನ್ಸಿಗೆ ಸೇರುವ ದಂಡದ ಅಂಕಗಳಿಗೆ ತಕ್ಕಂತೆ ಪ್ರೀಮಿಯಂ ಏರುತ್ತದೆ. ಜಾರ್ಜ್ ಡಿಯೋನ್ ಮತ್ತು ಅವರ ಸಹ ಸಂಶೋಧಕರು ಆ ಚಾಲಕರ ದಾಖಲೆಗಳನ್ನು ಪರಿಶೀಲಿಸಿ, ಈ ಬದಲಾವಣೆಯಿಂದ ನಿಯಮ ಉಲ್ಲಂಘನೆ ಶೇ. 15ರಷ್ಟು ಕಡಿಮೆಯಾಯಿತು ಎಂದು ಕಂಡುಕೊಂಡರು. ಲೈಸೆನ್ಸ್ ಕಳೆದುಕೊಳ್ಳುವ ಅಂಚಿಗೆ ಬಂದವರು ಇನ್ನೂ ಜಾಗರೂಕರಾಗುತ್ತಿದ್ದರು ಎಂಬುದನ್ನೂ ಅವರು ಗುರುತಿಸಿದರು.

ಗಮನಿಸಬೇಕಾದದ್ದು, ಇಲ್ಲಿ ಪ್ರೀಮಿಯಂ ಕಟ್ಟಿಕೊಂಡದ್ದು ಅಪಘಾತಕ್ಕಲ್ಲ, ನಿಯಮ ಉಲ್ಲಂಘನೆಗೆ. ಅಪಘಾತ ಅಪರೂಪದ ಘಟನೆ. ಕೆಟ್ಟದಾಗಿ ಓಡಿಸುವವರಿಗೂ ವರ್ಷಗಟ್ಟಲೆ ಏನೂ ಆಗದಿರಬಹುದು, ಒಳ್ಳೆಯ ಚಾಲಕರಿಗೆ ನಾಳೆಯೇ ಆಗಿಬಿಡಬಹುದು. ಅದೃಷ್ಟದ ಪಾಲು ಇಷ್ಟು ದೊಡ್ಡದಾಗಿರುವ ಘಟನೆಗೆ ಬಹುಮಾನ ಮತ್ತು ದಂಡವನ್ನು ಕಟ್ಟಿದರೆ ಅದರಿಂದ ಕಲಿಯುವುದು ಕಷ್ಟ. ಕೆಂಪು ದೀಪ ದಾಟುವುದು, ಮಿತಿಮೀರಿದ ವೇಗ ಇಂಥವು ಪದೇ ಪದೇ ನಡೆಯುವ, ಚಾಲಕರ ಕೈಯಲ್ಲೇ ಇರುವ ಸಂಗತಿಗಳು. ಅವುಗಳಿಗೆ ಬೆಲೆ ಹಚ್ಚಿದಾಗ ಸಂದೇಶ ಬೇಗ ತಲುಪುತ್ತದೆ.

ಆದರೂ ಜಗತ್ತಿನ ಹೆಚ್ಚಿನ ವಿಮಾ ವ್ಯವಸ್ಥೆಗಳು ನೆಚ್ಚಿಕೊಂಡಿರುವುದು ಕ್ಲೇಮ್ ಇತಿಹಾಸವನ್ನೇ. ಇದರ ಅತ್ಯಂತ ಕರಾರುವಾಕ್ಕಾದ ರೂಪ ಫ್ರಾನ್ಸಿನ ಬೋನಸ್-ಮಾಲಸ್ ಪದ್ಧತಿ. ಅಲ್ಲಿ ಪ್ರತಿ ಚಾಲಕರೂ 1.00 ಎಂಬ ಗುಣಕದಿಂದ ಆರಂಭಿಸುತ್ತಾರೆ; ಮೂಲ ಪ್ರೀಮಿಯಮ್ಮನ್ನು ಈ ಗುಣಕದಿಂದ ಗುಣಿಸಿದರೆ ಕಟ್ಟಬೇಕಾದ ಮೊತ್ತ ಸಿಗುತ್ತದೆ. ತಮ್ಮ ತಪ್ಪಿನಿಂದ ಅಪಘಾತವಾಗದ ಪ್ರತಿ ವರ್ಷವೂ ಗುಣಕ ಶೇ. 5ರಷ್ಟು ಇಳಿಯುತ್ತದೆ, ತಪ್ಪು ಪೂರ್ತಿ ತಮ್ಮದೇ ಆದ ಪ್ರತಿ ಅಪಘಾತಕ್ಕೂ ಶೇ. 25ರಷ್ಟು ಏರುತ್ತದೆ, ತಪ್ಪು ಹಂಚಿಹೋಗಿದ್ದರೆ ಅದರರ್ಧ. ಕೆಳಗಿನ ಮಿತಿ 0.50, ಮೇಲಿನ ಮಿತಿ 3.50. ತಳಮಟ್ಟ ಮುಟ್ಟಲು 13 ಶುದ್ಧ ವರ್ಷಗಳು ಬೇಕು. ಈಗ 0.80ರಲ್ಲಿರುವ ಒಬ್ಬರು, ಅಂದರೆ ನಾಲ್ಕು ವರ್ಷ ಅಪಘಾತವಿಲ್ಲದೆ ಓಡಿಸಿದವರು, ಒಂದು ಸಲ ಎಡವಿದರೆ ಗುಣಕ 1.25ರಿಂದ ಗುಣಿಸಲ್ಪಟ್ಟು ಮತ್ತೆ 1.00ಕ್ಕೆ ಬರುತ್ತದೆ. ನಾಲ್ಕು ವರ್ಷದ ತಾಳ್ಮೆ ಒಂದು ಕ್ಷಣದ ಅಲಕ್ಷ್ಯಕ್ಕೆ ಸರಿಹೋಯಿತು. ಏಣಿ ಮತ್ತೆ ಮೊದಲ ಮೆಟ್ಟಿಲಿನಿಂದ. ಇದು ಚಾಲಕರಿಗೆ ಅರ್ಥವಾಗುವ ಲೆಕ್ಕ. ಆದರೆ ಇದೇ ಪದ್ಧತಿ 0.50ರಲ್ಲಿ ಮೂರು ವರ್ಷ ಕಳೆದವರಿಗೆ ಮೊದಲ ಅಪಘಾತವನ್ನು ಮನ್ನಿಸುತ್ತದೆ. ದೀರ್ಘಕಾಲ ನಿಷ್ಠೆಯಿಂದ ಓಡಿಸಿದವರಿಗೆ ಗೌರವವೆಂದು ಅದನ್ನು ಸಮರ್ಥಿಸಬಹುದು. ಎಚ್ಚರದ ಮೇಲಿನ ಒತ್ತಡ ಆ ಹಂತದಲ್ಲಿ ಸಡಿಲವಾಗುತ್ತದೆ ಎಂಬುದೂ ಅಷ್ಟೇ ನಿಜ.

ಇಷ್ಟು ಅಚ್ಚುಕಟ್ಟಾದ ಶಿಕ್ಷೆ-ಬಹುಮಾನದ ಲೆಕ್ಕವಿದ್ದ ಮೇಲೆ, ಅಪಘಾತದ ಬಳಿಕ ಚಾಲಕರು ಹೆಚ್ಚು ಹುಷಾರಾಗಬೇಕಲ್ಲವೇ? ಗುಣಕ ಏರಿದಷ್ಟೂ ಮುಂದಿನ ತಪ್ಪಿನ ಬೆಲೆಯೂ ಏರುತ್ತದೆ. ಆಬ್ರಿಂಗ್, ಶಿಯಾಪೋರಿ ಮತ್ತು ಪಿಂಕೆ ಎಂಬ ಅರ್ಥಶಾಸ್ತ್ರಜ್ಞರು 2003ರಲ್ಲಿ ಫ್ರೆಂಚ್ ವಿಮಾ ದಾಖಲೆಗಳಲ್ಲಿ ಇದನ್ನೇ ಹುಡುಕಿದರು, ಆದರೆ ಅಂತಹ ಪರಿಣಾಮಕ್ಕೆ ಪುರಾವೆ ಸಿಗಲಿಲ್ಲ. ಅದಕ್ಕೂ ಮೊದಲು, 2000ದಲ್ಲಿ, ಶಿಯಾಪೋರಿ ಮತ್ತು ಸಲಾನಿಯೆ ಅಲ್ಲಿನ ಹೊಸ ಚಾಲಕರನ್ನು ಹೋಲಿಸಿ ನೋಡಿದಾಗ, ಹೆಚ್ಚು ವ್ಯಾಪಕವಾದ ವಿಮೆ ಕೊಂಡವರು ಹೆಚ್ಚು ಅಪಘಾತ ಮಾಡುತ್ತಾರೆ ಎಂಬ ಪಠ್ಯಪುಸ್ತಕದ ನಿರೀಕ್ಷೆಯೂ ಹುಸಿಯಾಗಿತ್ತು. ಹೀಗೆ ಒಂದು ದೇಶದ ಅಂಕಿಅಂಶ ಹೌದೆಂದರೆ ಇನ್ನೊಂದು ದೇಶದ್ದು ಇಲ್ಲವೆನ್ನುತ್ತದೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ ಎನ್ನಿಸುತ್ತದೆ. ಅಪಘಾತದಲ್ಲಿ ಚಾಲಕರ ಪ್ರಾಣವೂ ಕೈಕಾಲೂ ಪಣಕ್ಕಿರುತ್ತವೆ; ಅವುಗಳಿಗೆ ಯಾವ ಪಾಲಿಸಿಯೂ ನಿಜವಾದ ಅರ್ಥದಲ್ಲಿ ಭರ್ತಿ ಕೊಡಲಾರದು. ಆ ಭಯದ ಎದುರು ಮುಂದಿನ ವರ್ಷದ ಪ್ರೀಮಿಯಂ ಎಂಬುದು ತೀರಾ ದೂರದ, ತೀರಾ ತೆಳುವಾದ ಬೆದರಿಕೆ.

ಬೆದರಿಕೆ ಹತ್ತಿರವೂ ದಪ್ಪವೂ ಆಗುವುದು ಡಿಕ್ಕಿಯ ನಂತರ, ಗ್ಯಾರೇಜಿನಲ್ಲಿ. ವಿಮಾಗಣಿತ ಬಲ್ಲವರು ‘ಬೋನಸ್ ಹಸಿವು’ ಎಂದು ಕರೆಯುವ ಪ್ರವೃತ್ತಿ ಇದೇ: ರಿಯಾಯಿತಿ ಉಳಿಸಿಕೊಳ್ಳಲು ಸಣ್ಣ ನಷ್ಟಗಳನ್ನು ಕ್ಲೇಮ್ ಮಾಡದೆ ನುಂಗಿಕೊಳ್ಳುವುದು. ಅನೇಕ ಕಡೆ ನೋ ಕ್ಲೇಮ್ ಬೋನಸ್ ತಪ್ಪು ಯಾರದೆಂದೂ ನೋಡುವುದಿಲ್ಲ, ಸ್ವಂತ ಪಾಲಿಸಿಯ ಮೇಲೆ ಕ್ಲೇಮ್ ಆಯಿತೋ ಇಲ್ಲವೋ ಎಂಬುದಷ್ಟನ್ನೇ ನೋಡುತ್ತದೆ. ಹೀಗಿರುವಲ್ಲಿ ಚಾಲಕರಿಗೆ ತಲುಪುವ ಸಂದೇಶ ‘ಗುದ್ದಬೇಡ’ ಎಂದಲ್ಲ, ‘ಗುದ್ದಿದ್ದನ್ನು ಹೇಳಬೇಡ’ ಎಂದು. ಕಂಪನಿಗೆ ಇದರಿಂದ ನಷ್ಟವಿಲ್ಲ. ಸಣ್ಣಪುಟ್ಟ ಕಡತಗಳ ನಿರ್ವಹಣೆಯ ಖರ್ಚು ಉಳಿಯುತ್ತದೆ. ಪಾಲಿಸಿಯಲ್ಲಿ ಚಾಲಕರೇ ಭರಿಸಬೇಕಾದ ಮೊದಲ ಪಾಲೂ ಬಹುಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ಆದರೆ ರಸ್ತೆ ಸುರಕ್ಷತೆಯ ಸುಧಾರಣೆಯೆಂದು ಕ್ಲೇಮ್ ಸಂಖ್ಯೆಯ ಇಳಿಕೆಯನ್ನು ಯಾರಾದರೂ ಮುಂದಿಟ್ಟರೆ, ಅದರಲ್ಲಿ ಎಷ್ಟು ಪಾಲು ಉಳಿದ ಬಂಪರುಗಳದು, ಎಷ್ಟು ಪಾಲು ಮುಚ್ಚಿಟ್ಟ ಬಂಪರುಗಳದು ಎಂದು ಕೇಳಲೇಬೇಕು. ಇನ್ನೂ ಕಹಿಯಾದ ಸಾಧ್ಯತೆಯೊಂದಿದೆ: ಸಿಕ್ಕಿಬಿದ್ದರೆ ತೆರಬೇಕಾದ ಬೆಲೆ ವಿಪರೀತ ಏರಿದಷ್ಟೂ, ಡಿಕ್ಕಿ ಹೊಡೆದು ನಿಲ್ಲದೆ ಹೋಗುವ ಪ್ರಲೋಭನೆಯೂ ಏರುತ್ತದೆ.

ವಯಸ್ಸು, ಅನುಭವ, ಕಾರಿನ ಮಾದರಿ ಇವುಗಳ ಮೇಲೆ ದರ ನಿಗದಿಪಡಿಸುವುದು ಬೇರೆಯೇ ಬಗೆ. ಇಪ್ಪತ್ತರ ಹರೆಯದವನು ಪ್ರೀಮಿಯಂ ಇಳಿಯಲೆಂದು ನಾಳೆ ನಲವತ್ತಾಗಲಾರ. ಹಾಗಾಗಿ ಈ ದರಗಳು ಅವನು ಓಡಿಸುವ ರೀತಿಯನ್ನು ಬದಲಿಸಲಾರವು. ಅವನು ಓಡಿಸುತ್ತಾನೋ ಇಲ್ಲವೋ, ಯಾವ ಕಾರನ್ನು ಓಡಿಸುತ್ತಾನೆ ಎಂಬುದನ್ನು ಮಾತ್ರ ಬದಲಿಸಬಲ್ಲವು. ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಶಕ್ತಿಶಾಲಿ ಎಂಜಿನ್ನಿನ ಕಾರಿನ ವಿಮೆ ಕೈಗೆಟುಕದಂತಿದ್ದರೆ, ಅವರು ಸಣ್ಣ ಕಾರಿನಲ್ಲಿ ತೃಪ್ತರಾಗುತ್ತಾರೆ ಅಥವಾ ಒಂದೆರಡು ವರ್ಷ ತಡೆಯುತ್ತಾರೆ. ಇದರಿಂದ ಉಳಿಯುವ ಜೀವಗಳು ಕಡಿಮೆಯೇನಲ್ಲದಿರಬಹುದು. ಕೈಗೆಟುಕದಿದ್ದಾಗ ಕಳ್ಳದಾರಿಗಳೂ ತೆರೆದುಕೊಳ್ಳುತ್ತವೆ. ಮಗ ದಿನವೂ ಓಡಿಸುವ ಕಾರಿಗೆ ತಾಯಿಯನ್ನು ಮುಖ್ಯ ಚಾಲಕಿ ಎಂದು ನಮೂದಿಸುವುದು ಒಂದು. ವಿಮೆಯನ್ನೇ ಮಾಡಿಸದೆ ಓಡಿಸುವುದು ಇನ್ನೊಂದು. ಎರಡನೆಯದರ ಭಾರವನ್ನು ಕೊನೆಗೆ ಹೊರುವವರು ನಿಯತ್ತಾಗಿ ಪ್ರೀಮಿಯಂ ಕಟ್ಟುವವರೇ. ವಿಮೆಯಿಲ್ಲದ ಚಾಲಕರಿಂದ ಪೆಟ್ಟು ತಿಂದವರಿಗೆ ಪರಿಹಾರ ಕೊಡಲು ಬ್ರಿಟನ್ನಿನಲ್ಲಿ 1946ರಲ್ಲಿ ಸ್ಥಾಪನೆಯಾದ ಮೋಟಾರ್ ಇನ್ಶೂರರ್ಸ್ ಬ್ಯೂರೋದ ಹಣ ಬರುವುದು ಎಲ್ಲ ವಿಮಾ ಕಂಪನಿಗಳ ಮೇಲಿನ ವಂತಿಗೆಯಿಂದ.

ಇನ್ನು ಎಷ್ಟು ಓಡಿಸುತ್ತಾರೆ ಎಂಬ ಪ್ರಶ್ನೆ. ವಿಮೆಯ ಚರ್ಚೆಯಲ್ಲಿ ಇದು ತೀರಾ ಸಪ್ಪೆಯಾಗಿ ಕಾಣುತ್ತದೆ, ಆದರೆ ನನಗೆ ಇದೇ ಎಲ್ಲಕ್ಕಿಂತ ಮುಖ್ಯವೆನ್ನಿಸುತ್ತದೆ. ವರ್ಷದ ಪ್ರೀಮಿಯಂ ಒಮ್ಮೆ ಕಟ್ಟಿದ ಮೇಲೆ, ಐದು ಸಾವಿರ ಕಿಲೋಮೀಟರ್ ಓಡಿಸಿದರೂ ಇಪ್ಪತ್ತೈದು ಸಾವಿರ ಓಡಿಸಿದರೂ ವಿಮೆಯ ಲೆಕ್ಕದಲ್ಲಿ ಹೆಚ್ಚುವರಿ ಕಿಲೋಮೀಟರಿನ ಬೆಲೆ ಸೊನ್ನೆ, ಇಲ್ಲವೇ ಸೊನ್ನೆಗೆ ಹತ್ತಿರ. ಅಪಾಯದ ಲೆಕ್ಕದಲ್ಲಿ ಅದು ಸೊನ್ನೆಯಲ್ಲ. ಮುಂದೆ 1996ರಲ್ಲಿ ನೊಬೆಲ್ ಪುರಸ್ಕೃತರಾದ ವಿಲಿಯಂ ವಿಕ್ರಿ 1968ರಲ್ಲೇ ಇದನ್ನು ಎತ್ತಿ ತೋರಿಸಿದ್ದರು. ಅವರ ವಾದದ ತಿರುಳು ಇಷ್ಟು: ಎರಡು ಕಾರುಗಳು ಡಿಕ್ಕಿಯಾದಾಗ ಕಾನೂನು ಒಬ್ಬರನ್ನು ತಪ್ಪಿತಸ್ಥರೆನ್ನುತ್ತದೆ, ಆದರೆ ಇಬ್ಬರಲ್ಲಿ ಯಾರೊಬ್ಬರು ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಇಲ್ಲದಿದ್ದರೂ ಡಿಕ್ಕಿಯೇ ಆಗುತ್ತಿರಲಿಲ್ಲ. ಅಂದರೆ ನಿಯಮ ಪಾಲಿಸುತ್ತಾ ಸಾಗುವ ಚಾಲಕರೂ ಕೇವಲ ರಸ್ತೆಯಲ್ಲಿರುವುದರಿಂದಲೇ ಇತರರ ಅಪಾಯವನ್ನು ಒಂದಿಷ್ಟು ಹೆಚ್ಚಿಸುತ್ತಾರೆ, ಮತ್ತು ಆ ವೆಚ್ಚ ಅವರ ಪ್ರೀಮಿಯಮ್ಮಿನಲ್ಲಿ ಎಲ್ಲೂ ಕಾಣುವುದಿಲ್ಲ. ವಿಮೆಯನ್ನು ಟೈರಿನ ಬೆಲೆಯಲ್ಲೇ ಸೇರಿಸಿಬಿಡಬಹುದು ಎಂಬ ಸಲಹೆಯನ್ನೂ ಅವರು ಕೊಟ್ಟಿದ್ದರು: ಹೆಚ್ಚು ಓಡಿಸಿದಷ್ಟೂ ಟೈರ್ ಸವೆಯುತ್ತದೆ, ಗಕ್ಕನೆ ಬ್ರೇಕ್ ಹಾಕುವವರದು ಇನ್ನೂ ಬೇಗ ಸವೆಯುತ್ತದೆ. ಮೀಟರೇ ಇಲ್ಲದ ಕಾಲದಲ್ಲಿ ಟೈರನ್ನೇ ಮೀಟರ್ ಮಾಡಿಕೊಳ್ಳುವ ಈ ಯೋಚನೆ ಚೆಂದವಾಗಿದೆ, ಆದರೆ ನುಣುಪಾದ ಟೈರನ್ನೇ ಇನ್ನೊಂದು ಮಳೆಗಾಲಕ್ಕೆ ಎಳೆಯುವ ಆಸೆಯನ್ನೂ ಅದು ಹುಟ್ಟಿಸೀತು.

ಈಗ ಟೈರಿನ ಹಂಗಿಲ್ಲ. 2008ರಲ್ಲಿ ಬ್ರೂಕಿಂಗ್ಸ್ ಸಂಸ್ಥೆಗಾಗಿ ಬೋರ್ಡಾಫ್ ಮತ್ತು ನೋಯೆಲ್ ಮಾಡಿದ ಅಂದಾಜಿನ ಪ್ರಕಾರ, ಅಮೆರಿಕದಲ್ಲಿ ಎಲ್ಲರ ಪ್ರೀಮಿಯಮ್ಮನ್ನೂ ಓಡಿಸಿದ ದೂರಕ್ಕೆ ತಕ್ಕಂತೆ ಬದಲಿಸಿದರೆ ಒಟ್ಟು ವಾಹನ ಓಡಾಟ ಶೇ. 8ರಷ್ಟು ಇಳಿಯಬಹುದು. ಅಮೆರಿಕದ ಪ್ರೋಗ್ರೆಸ್ಸಿವ್ ಕಂಪನಿ 1998ರ ಸುಮಾರಿಗೇ ಟೆಕ್ಸಾಸಿನಲ್ಲಿ ಉಪಗ್ರಹ ಸಂಕೇತದ ನೆರವಿನಿಂದ ಓಡಾಟವನ್ನು ಅಳೆಯುವ ಪ್ರಯೋಗ ನಡೆಸಿತ್ತು. ಆಗ ಪ್ರತ್ಯೇಕ ಯಂತ್ರ ಬೇಕಿತ್ತು. ಇಂದು ಜೇಬಿನ ಫೋನೇ ಸಾಕು. ಟೆಲಿಮ್ಯಾಟಿಕ್ಸ್ ಎಂದು ಕರೆಯುವ ಈ ವ್ಯವಸ್ಥೆ ದೂರವನ್ನಷ್ಟೇ ಅಲ್ಲ, ವೇಗವನ್ನು, ಬ್ರೇಕ್ ಒತ್ತಿದ ರಭಸವನ್ನು, ತಿರುವಿನಲ್ಲಿ ಕಾರು ವಾಲಿದ್ದನ್ನು, ಮಧ್ಯರಾತ್ರಿಯ ಪ್ರಯಾಣವನ್ನು, ಓಡಿಸುತ್ತಲೇ ಫೋನ್ ಮುಟ್ಟಿದ್ದನ್ನು ದಾಖಲಿಸುತ್ತದೆ. ವರ್ಷದ ಕೊನೆಯಲ್ಲಿ ಬರುತ್ತಿದ್ದ ತೀರ್ಪು ಈಗ ಪ್ರತಿ ಪ್ರಯಾಣದ ಕೊನೆಯಲ್ಲಿ ಅಂಕಪಟ್ಟಿಯಾಗಿ ಬರುತ್ತದೆ. ಕ್ಲೇಮಿನ ಹಿಂದೆ ಅಡಗಿದ್ದ ಚಾಲನೆಯನ್ನು ವಿಮಾ ಕಂಪನಿ ಮೊದಲ ಬಾರಿಗೆ ಕಣ್ಣಾರೆ ನೋಡುತ್ತಿದೆ.

ವಿಮೆಯ ದರದಲ್ಲಿ ಗಂಡು ಹೆಣ್ಣೆಂಬ ಭೇದ ಮಾಡುವಂತಿಲ್ಲ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2011ರಲ್ಲಿ ಕೊಟ್ಟ, 2012ರ ಡಿಸೆಂಬರಿನಿಂದ ಜಾರಿಗೆ ಬಂದ ತೀರ್ಪಿನ ಹಿನ್ನೆಲೆಯಲ್ಲಿ ನೋಡಿದರೆ ಇದರ ಆಕರ್ಷಣೆ ಇನ್ನೂ ಸ್ಪಷ್ಟವಾಗುತ್ತದೆ. ಯುವಕರಿಗಿಂತ ಯುವತಿಯರು ಕಡಿಮೆ ಅಪಾಯಕಾರಿ ಚಾಲಕರೆಂದು ಅಂದಾಜಿನ ಮೇಲೆ ರಿಯಾಯಿತಿ ಕೊಡುವ ಬದಲು, ಯಾರು ಹೇಗೆ ಓಡಿಸುತ್ತಾರೆಂದು ನೇರವಾಗಿ ಅಳೆಯಬಹುದು.

ಅಳೆದದ್ದೆಲ್ಲವೂ ಸುಧಾರಿಸುತ್ತದೆ ಎಂದು ಮಾತ್ರ ನಂಬುವಂತಿಲ್ಲ. ಯಂತ್ರವನ್ನು ಸ್ವಂತ ಇಚ್ಛೆಯಿಂದ ಹಾಕಿಸಿಕೊಳ್ಳುವವರು ಮೊದಲೇ ನಿಧಾನವಾಗಿ ಓಡಿಸುವವರು; ಅವರ ಅಪಘಾತ ಪ್ರಮಾಣ ಕಡಿಮೆ ಇದೆಯೆಂದರೆ ಅದು ಯಂತ್ರದ ಸಾಧನೆಯೆಂದು ಹೇಳಲಾಗದು. ಇನ್ನೊಂದು ಸಮಸ್ಯೆಯನ್ನು ಸಿಗ್ನಲ್ಲಿನ ಬಳಿ ನಿಂತು ಕಲ್ಪಿಸಿಕೊಳ್ಳಬಹುದು. ದೀಪ ಹಳದಿಗೆ ತಿರುಗುತ್ತದೆ, ಗೆರೆ ಇಪ್ಪತ್ತು ಮೀಟರ್ ದೂರದಲ್ಲಿದೆ. ಜೋರಾಗಿ ಬ್ರೇಕ್ ಒತ್ತಿ ನಿಂತರೆ ಆ್ಯಪಿನಲ್ಲಿ ಒಂದು ಕೆಂಪು ಚುಕ್ಕೆ. ಒತ್ತದೆ ನುಗ್ಗಿ ದಾಟಿಬಿಟ್ಟರೆ ಅಂಕಪಟ್ಟಿ ನಿಷ್ಕಳಂಕ. ರಸ್ತೆಗೆ ಅಡ್ಡ ಓಡಿಬಂದ ಮಗುವನ್ನು ಉಳಿಸಿದ ಬ್ರೇಕೂ, ಫೋನ್ ನೋಡುತ್ತಾ ತಡವಾಗಿ ಎಚ್ಚೆತ್ತವರ ಬ್ರೇಕೂ ಸೆನ್ಸರಿನ ಪಾಲಿಗೆ ಒಂದೇ ರಭಸ. ರಾತ್ರಿ ಪಾಳಿಯ ನರ್ಸ್ ಮಧ್ಯರಾತ್ರಿ ಓಡಿಸುವುದು ಮೋಜಿಗಲ್ಲ, ಆದರೂ ದಂಡ ಅವರಿಗೂ ಬೀಳುತ್ತದೆ. ಎಲ್ಲಿಗೆ ಹೋದೆ, ಎಷ್ಟು ಹೊತ್ತಿಗೆ ಬಂದೆ ಎಂಬ ವಿವರವೆಲ್ಲ ಒಂದು ಕಂಪನಿಯ ಕೈಯಲ್ಲಿ ಕೂರುವುದಂತೂ ಬೇರೆಯದೇ ಚರ್ಚೆ.

ವಿಮೆ ರಸ್ತೆ ಸಾವುಗಳನ್ನು ತಗ್ಗಿಸಿದ ಒಂದು ದಾರಿ ಚಾಲಕರನ್ನು ಮುಟ್ಟದೆಯೇ ಹೋಗುತ್ತದೆ. ಅಮೆರಿಕದ ವಿಮಾ ಕಂಪನಿಗಳ ಸಂಘಗಳು 1959ರಲ್ಲಿ ಕಟ್ಟಿದ ಇನ್ಶೂರೆನ್ಸ್ ಇನ್ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಎಂಬ ಸಂಸ್ಥೆ ಕಾರುಗಳನ್ನು ಡಿಕ್ಕಿ ಹೊಡೆಸಿ, ಫಲಿತಾಂಶವನ್ನು ಎಲ್ಲರಿಗೂ ತಿಳಿಸುತ್ತದೆ. 2012ರಲ್ಲಿ ಅದು ಕಾರಿನ ಮುಂಭಾಗದ ಕಾಲು ಭಾಗ ಮಾತ್ರ ತಡೆಗೆ ಬಡಿಯುವ ಹೊಸ ಪರೀಕ್ಷೆ ಆರಂಭಿಸಿದಾಗ, ಹಳೆಯ ಪರೀಕ್ಷೆಗಳಲ್ಲಿ ಮಿಂಚಿದ್ದ ದುಬಾರಿ ಕಾರುಗಳಲ್ಲೂ ಹಲವು ಮುಗ್ಗರಿಸಿದವು. ತಯಾರಕರು ಮುಂದಿನ ಮಾದರಿಗಳ ಚೌಕಟ್ಟನ್ನೇ ತಿದ್ದಿದರು. ಪರಿಹಾರ ಕೊಟ್ಟು ಕೊಟ್ಟು ನಷ್ಟದ ಜಾಡು ಬಲ್ಲವರಿಗೆ ಅಪಾಯ ಎಲ್ಲಿದೆ ಎಂಬುದು ಬೇಗ ಗೊತ್ತಾಗುತ್ತದೆ, ಅದನ್ನು ತಗ್ಗಿಸುವ ಸ್ವಾರ್ಥವೂ ಅವರಿಗೆ ಇರುತ್ತದೆ.

ಕಾರು ತಾನೇ ಓಡಿಸಿಕೊಳ್ಳುವ ಹಂತಕ್ಕೆ ಬಂದಾಗ ಈ ದಾರಿಯೇ ಹೆದ್ದಾರಿಯಾಗಬಹುದು. ಬ್ರಿಟನ್ನಿನ 2018ರ ಸ್ವಯಂಚಾಲಿತ ಮತ್ತು ವಿದ್ಯುತ್ ವಾಹನಗಳ ಕಾಯ್ದೆ ಇದಕ್ಕೆ ಮುಂಚಿತವಾಗಿಯೇ ನಿಯಮ ಬರೆದಿಟ್ಟಿದೆ: ಸ್ವಯಂಚಾಲಿತ ಸ್ಥಿತಿಯಲ್ಲಿದ್ದ ಕಾರು ಅಪಘಾತಕ್ಕೆ ಕಾರಣವಾದರೆ ಗಾಯಾಳುಗಳಿಗೆ ಮೊದಲು ಪರಿಹಾರ ಕೊಡುವುದು ವಿಮಾ ಕಂಪನಿ; ಆಮೇಲೆ ಆ ಹಣವನ್ನು ಅಪಘಾತಕ್ಕೆ ಹೊಣೆಯಾದವರಿಂದ ವಸೂಲು ಮಾಡುವ ಹಕ್ಕೂ ಅದಕ್ಕೆ ಉಂಟು. ದೋಷ ತಂತ್ರಾಂಶದಲ್ಲಿದ್ದರೆ ಬಿಲ್ಲು ಹೋಗುವುದು ತಯಾರಕರ ವಿಳಾಸಕ್ಕೆ. ನೂರು ವರ್ಷ ಚಾಲಕರ ಕಾಲಿಗೆ ಕಟ್ಟಲು ಹೆಣಗಿದ ಬೆಲೆಚೀಟಿಯನ್ನು ವಿಮೆ ಆಗ ಬ್ರೇಕಿನ ಪ್ರೋಗ್ರಾಂ ಬರೆದವರ ಮೇಜಿನ ಮೇಲೆ ಇಡುತ್ತದೆ, ಮತ್ತು ಅವರಿಗೆ ಬಂಪರಿನ ಖರ್ಚನ್ನು ಕೈಯಿಂದ ಕೊಟ್ಟು ಸುಮ್ಮನಾಗುವ ದಾರಿ ಇರುವುದಿಲ್ಲ. ಡಿಕ್ಕಿಯ ಪ್ರತಿ ಕ್ಷಣವನ್ನೂ ಕಾರೇ ದಾಖಲಿಸಿಟ್ಟುಕೊಂಡಿರುತ್ತದೆ.